ಮೂವತ್ತಾರು ಸಾಬೂನು, ಒಬ್ಬ ಮಾವ

ಪ್ರಪಂಚದಲ್ಲಿ ಎಲ್ಲವನ್ನೂ ಅಳೆದೇ ತೀರಬೇಕು ಎಂದು ಹಟ ಹಿಡಿದವರು ಇಬ್ಬರು. ಒಬ್ಬ ದರ್ಜಿ, ಇನ್ನೊಬ್ಬ ನಮ್ಮ ಪಾಯಿಂಟಪ್ಪ. ದರ್ಜಿಯಾದರೋ ಅಂಗಿ ಬಿಗಿಯಾದರೆ ಹೊಲಿಗೆ ಬಿಚ್ಚಿ ಕೊಡುತ್ತಾನೆ. ಪಾಯಿಂಟಪ್ಪ ಮಾತ್ರ 'ಅಂಗಿ ಸರಿಯಾಗಿದೆ, ನಿಮ್ಮ ಹೊಟ್ಟೆಯೇ ತಪ್ಪು' ಎನ್ನುವ ಪೈಕಿ.

ಆ ಹೆಸರು ಆಫೀಸಿನವರು ಕಟ್ಟಿದ್ದು. "ಊಟ ಆಯ್ತೇನಪ್ಪಾ?" ಎಂದರೆ "ಪಾಯಿಂಟ್ ಎಂಟು ಭಾಗ ಆಗಿದೆ" ಎನ್ನುವವನಿಗೆ ಬೇರೆ ಇನ್ನೇನು ಹೆಸರಿಟ್ಟಾರು? ಅವನ ಜೇಬಿನಲ್ಲಿ ಪೆನ್ನು ಇರುತ್ತಿತ್ತೋ ಇಲ್ಲವೋ, ಚೀಲದಲ್ಲಿ ಡಿಜಿಟಲ್ ಕ್ಯಾಲಿಪರ್ ಮಾತ್ರ ಇರಲೇಬೇಕು. ಕೂದಲೆಳೆಯ ದಪ್ಪವನ್ನೂ ಅಂಕಿಯಲ್ಲಿ ತೋರಿಸುವ ಸಾಧನ ಅದು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಉಂಗುರಕ್ಕೆ ಅದರಲ್ಲೇ ಅಳತೆ ತೆಗೆದಿದ್ದ. ಉಂಗುರ ಬೆರಳಿಗೆ ಸರಿಯಾಗಿಯೇ ಹೋಯಿತು. ಮತ್ತೆ ಹೊರಗೆ ಬರಲಿಲ್ಲ.

ಅವನ ಕಂಪನಿ ಬೇರೆ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಕಂಪನಿ. ಬಾಟಲಿಗೆ ಮುಚ್ಚಳ ಹಾಕುವ ಯಂತ್ರ, ಡಬ್ಬಕ್ಕೆ ಚೀಟಿ ಅಂಟಿಸುವ ಯಂತ್ರ, ಹೀಗೆ ಮನುಷ್ಯರ ಕೈ ಮಾಡುವುದನ್ನೆಲ್ಲ ಮಾಡುವ ಯಂತ್ರಗಳು. ಆ ಯಂತ್ರಗಳ ಕೈಯನ್ನು, ಅಂದರೆ ಗ್ರಿಪ್ಪರನ್ನು, ಡಿಸೈನ್ ಮಾಡುವುದು ಪಾಯಿಂಟಪ್ಪನ ಕೆಲಸ. ಎರಡು ಬೆರಳು, ಒಂದು ಮುಷ್ಟಿ. ಸಾಮಾನನ್ನು ಹಿಡಿಯಬೇಕು, ಎತ್ತಬೇಕು, ಪೆಟ್ಟಿಗೆಯಲ್ಲಿಡಬೇಕು. ಹೇಳುವಾಗ ಇಷ್ಟೇ. ಮಾಡುವಾಗ ತಲೆಯ ಕೂದಲು ಉದುರುತ್ತದೆ, ಅವನದು ಪಾಯಿಂಟ್ ಆರು ಭಾಗ ಉದುರಿತ್ತು.

ಈ ಕೆಲಸದ ಘನತೆಯನ್ನು ಮಾವನವರಿಗೆ ಅರ್ಥ ಮಾಡಿಸುವುದು ಮಾತ್ರ ಅವನಿಂದ ಆಗಿರಲಿಲ್ಲ. ಮಾವ ಮೂವತ್ತೈದು ವರ್ಷ ನ್ಯಾಯಾಲಯದಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ನ್ಯಾಯಾಧೀಶರ ಕೆಳಗೆ ಕೂತು ಕೂತು, ನಿವೃತ್ತರಾದ ಮೇಲೆ ತಾವೇ ಮೇಲಿನ ಕುರ್ಚಿಗೆ ಏರಿಬಿಟ್ಟಿದ್ದರು.

"ಅಳಿಯಂದಿರೇ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನೀವು ಯಂತ್ರ ಮಾಡ್ತೀರಾ?"

"ಇಲ್ಲ ಮಾವ, ಡ್ರಾಯಿಂಗ್ ಮಾಡ್ತೀನಿ. ಮಾಡೋರು ವರ್ಕ್‌ಶಾಪಿನವರು."

"ಓಡಿಸ್ತೀರಾ?"

"ಅದಕ್ಕೆ ಪ್ರೋಗ್ರಾಮ್ ಬರೆಯೋರು ಬೇರೆ ಇದ್ದಾರೆ."

"ಕೆಟ್ಟರೆ ರಿಪೇರಿ?"

"ಅದು ಸರ್ವೀಸಿನವರು."

"ಅಂದರೆ ಗೀಟು ಎಳೀತೀರಿ," ಎಂದು ಮಾವ ತೀರ್ಪು ಕೊಟ್ಟು ಟವೆಲ್ ಹುಡುಕಿಕೊಂಡು ಹೋದರು. ಅತ್ತೆಯವರು ತಮ್ಮ ಅಕ್ಕನ ಆರೈಕೆಗೆ ಹೋಗಿದ್ದರಿಂದ ಮೂರು ದಿನದ ಮಟ್ಟಿಗೆ ಎಂದು ಮಗಳ ಮನೆಗೆ ಬಂದವರು ಅವರು. ಬಂದ ಮೇಲೆ ಈ ಮನೆಯ ಗೀಸರಿನಲ್ಲಿ ನೀರು ಧಾರಾಳವಾಗಿ ಕಾಯುತ್ತದೆ ಎಂದು ತಿಳಿಯಿತು. ಇನ್ನು ಹೊರಡುವ ಮಾತೆಲ್ಲಿ?

ಅದೇ ವಾರ ಒಂದು ಸಾಬೂನು ಕಾರ್ಖಾನೆಯ ಆರ್ಡರ್ ಬಂತು. ಸಾಬೂನನ್ನು ಎತ್ತಿ ಪೆಟ್ಟಿಗೆಗೆ ತುಂಬುವ ಯಂತ್ರ. ಕಾರ್ಖಾನೆಯವರು ಸಾಬೂನಿನ ಡ್ರಾಯಿಂಗ್ ಕಳಿಸಿದರು, ಜೊತೆಗೆ ಕಾಗದ ಸುತ್ತದ ಒಂದು ಬಿಳಿ ಸಾಬೂನನ್ನೂ ಕಳಿಸಿದರು. ಪಾಯಿಂಟಪ್ಪ ಅಳೆಯಲು ಕೂತರೆ ಕ್ಯಾಲಿಪರಿನ ಸೆಲ್ ಮುಗಿದಿತ್ತು. ಮುಂದೆ ಮೂರು ದಿನ ರಜೆ. ಸಾಬೂನನ್ನು ಮನೆಗೆ ತಂದು, ಊಟದ ಮೇಜಿನ ಮೇಲಿಟ್ಟು, ಹೆಂಡತಿಗೆ "ಇದು ಆಫೀಸಿಂದು, ಜೋಪಾನ" ಎಂದು ಹೇಳಿ, ಸೆಲ್ ತರುವುದನ್ನು ಮರೆತ.

ಹೆಂಡತಿ ಜೋಪಾನ ಮಾಡಿದಳು. ಸಾಬೂನು ಜೋಪಾನವಾಗಿರುವ ಜಾಗ ಬಚ್ಚಲುಮನೆಯ ಸಾಬೂನು ಪೆಟ್ಟಿಗೆ ಅಲ್ಲದೆ ಇನ್ನೆಲ್ಲಿ? ಮಾವ ಮೂರು ದಿನ ಅದರಲ್ಲಿ ಸ್ನಾನ ಮಾಡಿದರು. ಮಾವನ ಸ್ನಾನವೆಂದರೆ ನಿಮ್ಮ ನಮ್ಮ ಸ್ನಾನವಲ್ಲ, ಬೆಳಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ. ಬೆನ್ನಿನ ಮೇಲೆ ಹಳೆಯ ಮೊಕದ್ದಮೆಗಳೆಲ್ಲ ಅಂಟಿಕೊಂಡಿವೆಯೇನೋ ಎಂಬಂತೆ ಉಜ್ಜುವರು. ಮಂಗಳವಾರ ಬೆಳಗ್ಗೆ ಹೆಂಡತಿ ಅದನ್ನು ಟವೆಲ್ಲಿನಲ್ಲಿ ಒರೆಸಿ, ಮೇಜಿನ ಮೇಲೆ ಇದ್ದ ಹಾಗೇ ಇಟ್ಟಳು.

ಪಾಯಿಂಟಪ್ಪ ಆಫೀಸಿಗೆ ಒಯ್ದು, ಹೊಸ ಸೆಲ್ ಹಾಕಿ, ಉಸಿರು ಬಿಗಿಹಿಡಿದು ಅಳೆದ. ಸಾಬೂನು ಡ್ರಾಯಿಂಗಿನಲ್ಲಿ ಇದ್ದದ್ದಕ್ಕಿಂತ ಎರಡೂವರೆ ಮಿಲ್ಲಿಮೀಟರ್ ಕಡಿಮೆ. ಅಷ್ಟೇ ಅಲ್ಲ, ಎಡಬದಿಯಲ್ಲಿ ಹೆಬ್ಬೆರಳಿನಷ್ಟಗಲ ಒಂದು ತಗ್ಗು. ಮತ್ತೊಬ್ಬನಾಗಿದ್ದರೆ ಒಂದು ಫೋನ್ ಮಾಡಿ ಕೇಳುತ್ತಿದ್ದ. ಪಾಯಿಂಟಪ್ಪ ಕಾಗದವನ್ನು ನಂಬುವವನಲ್ಲ. "ಡ್ರಾಯಿಂಗ್ ಸುಳ್ಳು ಹೇಳಬಹುದು, ವಸ್ತು ಹೇಳಲ್ಲ" ಎಂದು ಗ್ರಾಹಕರ ಡ್ರಾಯಿಂಗನ್ನು ಮಡಚಿ ಅಲುಗಾಡುವ ಮೇಜಿನ ಕಾಲಿನ ಕೆಳಗಿಟ್ಟ. ಸಾಬೂನಿನ ಒಂದೊಂದು ಏರು, ಒಂದೊಂದು ಇಳಿಜಾರನ್ನೂ ಕಂಪ್ಯೂಟರಿಗೆ ಇಳಿಸಿ, ಎಡಬೆರಳಿನಲ್ಲಿ ಆ ತಗ್ಗಿಗೆ ಸರಿಯಾಗಿ ಕೂರುವ ಒಂದು ಉಬ್ಬನ್ನು ಕೊಟ್ಟ. ಮ್ಯಾನೇಜರ್ ನೋಡಿ, "ಪರವಾಗಿಲ್ವೇ, ಮುಷ್ಟಿ ಅಂದರೆ ಇದು" ಎಂದು ಬೆನ್ನು ತಟ್ಟಿದರು. ಪಾಯಿಂಟಪ್ಪ ಆ ದಿನ ನೆಲದಿಂದ ಪಾಯಿಂಟ್ ಎರಡು ಮೀಟರ್ ಮೇಲೆ ನಡೆದ.

ಆರು ವಾರ ಕಳೆಯಿತು. ಯಂತ್ರ ಜೋಡಣೆಯಾಯಿತು. ಮಾವ ಇನ್ನೂ ಸ್ನಾನ ಮಾಡುತ್ತಲೇ ಇದ್ದರು. ಶನಿವಾರ ಗ್ರಾಹಕರ ಮುಂದೆ ಟ್ರಯಲ್ ಎಂದು ಗೊತ್ತಾಯಿತು, ಒಂದು ಪೆಟ್ಟಿಗೆ, ಅಂದರೆ ಮೂವತ್ತಾರು ಸಾಬೂನು, ಒಂದನ್ನೂ ಬೀಳಿಸದೆ ತುಂಬಿ ತೋರಿಸಬೇಕು. ಬುಧವಾರ ಕಾರ್ಖಾನೆಯಿಂದ ಹೊಸ ಸಾಬೂನುಗಳು ಬಂದವು. ಅಸೆಂಬ್ಲಿ ವಿಭಾಗದ ಮುಖ್ಯಸ್ಥೆ, ಎಲ್ಲರೂ ಅಕ್ಕ ಎಂದೇ ಕರೆಯುವ ಗಟ್ಟಿ ಹೆಂಗಸು, ಗುಂಡಿ ಒತ್ತಿದಳು. ಯಂತ್ರದ ಕೈ ಇಳಿಯಿತು, ಮೊದಲನೇ ಸಾಬೂನನ್ನು ಹಿಡಿಯಿತು. ಸಾಬೂನು ಪುಟಕ್ಕನೆ ಚಿಮ್ಮಿ ಮ್ಯಾನೇಜರರ ಕಾಫಿ ಲೋಟಕ್ಕೆ ಬಿತ್ತು. ಎರಡನೆಯದು ಎರಡು ಹೋಳಾಯಿತು. ಮೂರನೆಯದು ಎಲ್ಲಿ ಹೋಯಿತೆಂದು ಇವತ್ತಿಗೂ ಯಾರಿಗೂ ತಿಳಿಯದು.

ಮ್ಯಾನೇಜರ್ ನೊರೆ ಬರುತ್ತಿದ್ದ ಕಾಫಿಯನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದರು. "ನೋಡಪ್ಪಾ, ಇದು ಪಾಸಾದರೆ ಇನ್ನೂ ಎಂಟು ಯಂತ್ರದ ಆರ್ಡರ್ ಇದೆ, ನೀನು ಸೀನಿಯರ್ ಆಗ್ತೀಯ. ಫೇಲಾದರೆ ಸೋಮವಾರ ನಿನ್ನ ಕುರ್ಚಿಯಲ್ಲಿ ಬೇರೆಯವರು ಕೂರ್ತಾರೆ. ನಿನಗೆ ಪಾಯಿಂಟ್ ಲೆಕ್ಕದಲ್ಲಿ ಬೇಕಾದರೆ ಹಾಗೂ ಹೇಳ್ತೀನಿ."

ಪಾಯಿಂಟಪ್ಪ ಹೊಸ ಸಾಬೂನನ್ನು ಅಳೆದ. ಗ್ರಾಹಕರ ಡ್ರಾಯಿಂಗಿನಲ್ಲಿ ಇದ್ದದ್ದೇ ಸರಿ. ಜೀವ ಬಾಯಿಗೆ ಬಂತು.

"ಬೆರಳನ್ನ ಉಜ್ಜಿಬಿಡೋಣವಾ ಅಕ್ಕ?"

"ಉಜ್ಜಿದರೆ ಮೇಲಿನ ಲೇಪ ಹೋಗುತ್ತೆ. ಲೇಪ ಹೋದರೆ ಬಿಳಿ ಸಾಬೂನಿಗೆ ಕಪ್ಪು ಹತ್ತುತ್ತೆ. ಹೊಸ ಬೆರಳು ಬರಕ್ಕೆ ಎಂಟು ದಿನ ಬೇಕು." ಅಕ್ಕ ಸ್ಪ್ಯಾನರ್ ಎತ್ತಿಟ್ಟು ಕೈ ಒರೆಸಿಕೊಂಡಳು. "ಸಾರ್, ಯಂತ್ರ ಬದಲಾಯಿಸಕ್ಕೆ ಎಂಟು ದಿನ. ಸಾಬೂನು ಬದಲಾಯಿಸಕ್ಕೆ ಒಂದು ಬಕೆಟ್ ನೀರು ಸಾಕು."

ಆಗ ಅವನ ತಲೆಯಲ್ಲಿ ಏನೋ ಹೊಳೆಯಿತು. ಐದು ಹೊಸ ಸಾಬೂನನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಓಡಿದ.

"ಆವತ್ತು ನಾನು ತಂದಿಟ್ಟ ಸಾಬೂನು ಯಾರಾದರೂ ಮುಟ್ಟಿದ್ರಾ?"

"ಮುಟ್ಟದೆ ಸ್ನಾನ ಮಾಡೋದು ಹೇಗ್ರೀ?" ಎಂದಳು ಹೆಂಡತಿ. "ಅಪ್ಪ ಅದರಲ್ಲೇ ಮಾಡಿದ್ದು. ಆಮೇಲೆ ಒರೆಸಿ ವಾಪಸ್ ಇಟ್ಟಿದ್ನಲ್ಲ, ಜೋಪಾನವಾಗಿ."

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಸುಳ್ಳು, ಪಾಯಿಂಟಪ್ಪನಿಗೆ ಆಗಲೂ ಬರಲಿಲ್ಲ. ಸಾಬೂನು ಸವೆಯಬೇಕು ತಾನೇ, ಯಾರು ಸವೆಸಿದರೇನು ಎಂದುಕೊಂಡು, ಆ ಸಂಜೆ ತಾನೇ ಐದು ಸಾಬೂನು ಹಚ್ಚಿಕೊಂಡು ಐದು ಸಲ ಸ್ನಾನ ಮಾಡಿದ. ಗುರುವಾರ ಬೆಳಗ್ಗೆ ಅವನ್ನು ಒಯ್ದರೆ ಯಂತ್ರ ಐದನ್ನೂ ಮೂಸಿ ನೋಡಿದಂತೆ ಮಾಡಿ ಕೈಬಿಟ್ಟಿತು. ಕ್ಯಾಲಿಪರ್ ಇಟ್ಟು ನೋಡಿದರೆ ತಗ್ಗು ತಪ್ಪಾದ ಜಾಗದಲ್ಲಿತ್ತು. ಯಂತ್ರದ ಬೆರಳು ಕೇಳುತ್ತಿದ್ದದ್ದು ಒಂದೇ ಒಂದು ಹೆಬ್ಬೆರಳಿನ ತಗ್ಗನ್ನು. ಅದು ಮಾವನದು.

ಹತ್ತು ಗಂಟೆಗೆ ಅಳಿಯ ಸಾಬೂನಿನ ಪೆಟ್ಟಿಗೆ ಹೊತ್ತು ಮನೆಗೆ ಮರಳಿ ಮಾವನ ಮುಂದೆ ಕೈಕಟ್ಟಿ ನಿಂತ. ಮಾವ ಪೇಪರ್ ಮಡಚಲಿಲ್ಲ.

"ಅಂದರೆ ನಿಮ್ಮ ವಾದ ಏನು? ನಾನು ಇವತ್ತು, ನಾಳೆ, ಎರಡು ದಿನದಲ್ಲಿ ಮೂವತ್ತಾರು ಸಾಬೂನು ಸವೆಸಬೇಕು."

"ಹೌದು ಮಾವ. ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತೆ." ಇದು ನಟನೆಯಲ್ಲ, ನಿಜವಾಗಿ ಹೆದರಿದ್ದ.

ಮಾವ ಈಗ ಪೇಪರ್ ಮಡಚಿಟ್ಟರು. ಆಮೇಲೆ ಕನ್ನಡಕ ತೆಗೆದರು. "ಷರತ್ತುಗಳಿವೆ, ಬರ್ಕೊಳ್ಳಿ. ಬಿಸಿನೀರು ನಿಲ್ಲಬಾರದು. ಬೆನ್ನು ಉಜ್ಜೋವಾಗ ಯಾರೂ ಬಾಗಿಲು ಬಡಿಯಬಾರದು. ಇನ್ನು ಮುಂದೆ ಈ ಮನೆಯಲ್ಲಿ ನನ್ನ ಸ್ನಾನ ಎಷ್ಟು ಹೊತ್ತು ಅಂತ ಯಾರೂ ಗಡಿಯಾರ ನೋಡಕೂಡದು. ಮೇಲ್ಮನವಿಗೆ ಅವಕಾಶ ಇಲ್ಲ."

ಹೀಗೆ ಕೈಗಾರಿಕಾ ಯಾಂತ್ರೀಕರಣದ ಇತಿಹಾಸದಲ್ಲೇ ಮೊದಲ ಬಾರಿಗೆ, ಮನುಷ್ಯನ ಕೈಯ ಕೆಲಸ ತಪ್ಪಿಸುವ ಯಂತ್ರಕ್ಕಾಗಿ ಒಬ್ಬ ಮನುಷ್ಯ ಎರಡು ದಿನ ಕೈ ಬಿಡದೆ ದುಡಿದ. ಹೆಂಡತಿ ಸಾಬೂನನ್ನು ಬೋಗುಣಿಯಲ್ಲಿ ನೆನೆಹಾಕಿ ಕೊಡುವಳು. ಮಾವ ಒಳಗೆ ಉಜ್ಜುವರು. ಬಾಗಿಲ ಸಂದಿಯಿಂದ ಒದ್ದೆ ಸಾಬೂನು ಹೊರಬರುವುದು. ರಜೆ ಹಾಕಿದ ಪಾಯಿಂಟಪ್ಪ ಅದನ್ನು ಅಳೆದು, "ಮಾವ, ಇನ್ನು ಪಾಯಿಂಟ್ ಮೂರು" ಎನ್ನುವನು. "ಎಡಭುಜ ಒಂದು ಸುತ್ತು" ಎಂದು ಒಳಗಿಂದ ಉತ್ತರ ಬರುವುದು. ತಯಾರಾದವನ್ನು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿ ಫ್ಯಾನ್ ಹಾಕಿದ್ದರು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಕೆಳಗಿನ ಚರಂಡಿಯಿಂದ ನೊರೆ ಎದ್ದು, ಪಾರ್ಕಿಂಗಿನಲ್ಲಿ ಕಾರುಗಳ ಗಾಲಿ ಮುಚ್ಚಿತು. ಮೇಲ್ಮನೆಯ ಆಂಟಿ ಇಣುಕಿ ನೋಡಿ, ಪಕ್ಕದ ಮನೆಯವರಿಗೆ ಫೋನ್ ಮಾಡಿದರು. "ಪಾಪ, ಅಳಿಯ ಮಾವನಿಗೆ ಹತ್ತು ಸಲ ಸ್ನಾನ ಮಾಡಿಸ್ತಿದ್ದಾನಂತೆ." ಆ ಮಾತು ಎರಡನೇ ಮಹಡಿಗೆ ಇಳಿಯುವಾಗ ಐವತ್ತಾಯಿತು. ನೆಲಮಹಡಿ ತಲುಪುವಾಗ ಮಾವನಿಗೆ ಏನೋ ಹರಡುವ ಚರ್ಮರೋಗ ಎಂದಾಯಿತು. ಗಾಳಿಸುದ್ದಿಗೆ ಲಿಫ್ಟ್ ಬೇಡ ನೋಡಿ.

ಕಟ್ಟಡದ ಸೆಕ್ರೆಟರಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದು, ಬಾಗಿಲಿಂದ ನಾಲ್ಕು ಹೆಜ್ಜೆ ದೂರ ನಿಂತರು.

"ನಿಮ್ಮ ಮನೆಯಿಂದ ನೊರೆ ಬರ್ತಿದೆ. ವಾಸದ ಮನೆಯಲ್ಲಿ ಕಾರ್ಖಾನೆ ನಡೆಸೋ ಹಾಗಿಲ್ಲ."

"ಕಾರ್ಖಾನೆ ಅಲ್ಲ ಸಾರ್, ಸ್ನಾನ."

"ಎರಡು ದಿನದಿಂದಲಾ?"

ಬಚ್ಚಲುಮನೆಯ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡು, ಹಬೆಯ ನಡುವೆ, ಬೆರಳುಗಳೆಲ್ಲ ನೆರಿಗೆಗಟ್ಟಿದ ಮಾವ ಕಾಣಿಸಿಕೊಂಡರು. "ಸ್ವಾಮಿ, ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಸ್ನಾನ ಮಾಡಬಹುದು ಅಂತ ನಿಮ್ಮ ನಿಯಮದಲ್ಲಿ ಬರೆದಿದೆಯಾ?"

"ಬರೆದಿಲ್ಲ, ಆದರೆ..."

"ಬರೆದಿಲ್ಲ ಅನ್ನೋದನ್ನ ದಾಖಲು ಮಾಡಿ. ಮುಂದಿನ ವಾಯಿದೆ ಸೋಮವಾರ." ಬಾಗಿಲು ಮುಚ್ಚಿತು. ಸೆಕ್ರೆಟರಿ ಮೆಟ್ಟಿಲಿಳಿಯುವಾಗ ಯಾಕೋ ಕೈ ಮುಗಿದೇ ಹೋದರು.

ಸಂಜೆ ಐದಕ್ಕೆ ಮೂವತ್ತಾರನೆಯ ಸಾಬೂನು ಹೊರಬಂತು. ಮಾವ ಕೆಂಪಗೆ ಬೆಂದು ಕುರ್ಚಿಯಲ್ಲಿ ಕೂತರು, ಕೂತ ಕುರ್ಚಿಯಿಂದ ಎರಡು ಸಲ ಜಾರಿದರು.

ಶನಿವಾರ ಸಾಬೂನು ಕಾರ್ಖಾನೆಯ ಮಾಲೀಕರು ಬಂದರು. ಜೊತೆಗೆ ಗುಣಮಟ್ಟ ಪರೀಕ್ಷಿಸುವ ಮೇಡಂ, ಅವರ ಕೈಯಲ್ಲೂ ಒಂದು ಕ್ಯಾಲಿಪರ್. ಅದನ್ನು ಕಂಡ ಪಾಯಿಂಟಪ್ಪ ತನ್ನದನ್ನು ಚೀಲದೊಳಗೆ ತಳ್ಳಿದ. ಅಕ್ಕ ಸಾಬೂನುಗಳನ್ನು ತಗ್ಗು ಎಡಕ್ಕೆ ಬರುವಂತೆ ಸಾಲಾಗಿ ಇಟ್ಟು ಗುಂಡಿ ಒತ್ತಿದಳು. ಯಂತ್ರದ ಕೈ ಇಳಿಯಿತು, ಮೃದುವಾಗಿ ಹಿಡಿಯಿತು, ಎತ್ತಿತು, ಇಟ್ಟಿತು. ಮೂವತ್ತಾರಕ್ಕೆ ಮೂವತ್ತಾರೂ ಪೆಟ್ಟಿಗೆಯಲ್ಲಿ ಕೂತವು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಮಾಲೀಕರು ಪೆಟ್ಟಿಗೆಯಿಂದ ಒಂದನ್ನು ಎತ್ತಿಕೊಂಡರು. ಹೆಬ್ಬೆರಳು ತಾನೇ ಹೋಗಿ ತಗ್ಗಿನಲ್ಲಿ ಕೂತಿತು. "ಆಹಾ, ಕೈಗೆ ಎಷ್ಟು ಚೆನ್ನಾಗಿ ಕೂರುತ್ತೆ. ಇದು ನಮ್ಮ ಸಾಬೂನೇನ್ರೀ?"

ಮೇಡಂ ಅಳೆದರು. ಮತ್ತೆ ಅಳೆದರು. "ನಮ್ಮದೇ ಸರ್. ಆದರೆ ಎರಡೂವರೆ ಮಿಲ್ಲಿಮೀಟರ್ ಎಲ್ಲೋ ಹೋಗಿದೆ."

ಮ್ಯಾನೇಜರ್ ಚಾವಣಿ ನೋಡಿದರು. ಅಕ್ಕ ಒಂದು ನಟ್ಟನ್ನು ಬಿಗಿಯಾಗಿದ್ದರೂ ಬಿಗಿಮಾಡತೊಡಗಿದಳು. ಪಾಯಿಂಟಪ್ಪನ ಬಾಯಿಂದ ಮಾತು ಜಾರಿತು. "ಸರ್, ಅದು ನಮ್ಮ ಮಾವನವರು..."

"ನಿಮ್ಮ ಮಾವನವರಿಗೆ ಸಾಬೂನಿನ ಅನುಭವ ಇದೆಯಾ?"

"ತುಂಬಾ ಇದೆ ಸರ್. ಎಪ್ಪತ್ತು ವರ್ಷದ್ದು."

"ಯಾವ ಕಂಪನಿಯಲ್ಲಿ?"

"ಮನೆಯಲ್ಲೇ ಸರ್."

"ಸ್ವಂತ ಉದ್ಯೋಗ," ಎಂದು ಮಾಲೀಕರು ಮೇಡಂ ಕಡೆ ಮೆಚ್ಚುಗೆಯಿಂದ ತಲೆಯಾಡಿಸಿದರು.

ಇನ್ನು ತಡೆಯಲಾಗಲಿಲ್ಲ. ಪಾಯಿಂಟಪ್ಪ ಸೆಲ್ ಮುಗಿದದ್ದರಿಂದ ಹಿಡಿದು ನೊರೆಯವರೆಗೆ ಎಲ್ಲವನ್ನೂ ಒದರಿಬಿಟ್ಟ. ಹೇಳಿ ಮುಗಿಸಿ ಕಣ್ಣು ಮುಚ್ಚಿ ನಿಂತ, ಸೋಮವಾರ ಬೆಳಗ್ಗೆ ಯಾವ ಬಾಗಿಲು ತಟ್ಟಲಿ ಎಂದು ಯೋಚಿಸುತ್ತ.

ಮಾಲೀಕರು ಸಾಬೂನನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು. "ಮೇಡಂ, ನಾವು ದಿನಕ್ಕೆ ಎಂಬತ್ತು ಸಾವಿರ ಸಾಬೂನು ಮಾಡ್ತೀವಿ. ಒಂದೊಂದರಲ್ಲೂ ಎರಡೂವರೆ ಮಿಲ್ಲಿಮೀಟರ್ ಉಳಿದರೆ? ಹಿಡಿತವೂ ಚೆನ್ನಾಗಿ, ಸಾಬೂನೂ ಕಮ್ಮಿ." ಆಮೇಲೆ ಮ್ಯಾನೇಜರರಿಗೆ ಹೇಳಿದರು. "ಯಂತ್ರ ಮುಟ್ಟಬೇಡಿ. ನಮ್ಮ ಅಚ್ಚನ್ನೇ ಬದಲಾಯಿಸ್ತೀವಿ. ಇನ್ನೂ ಎಂಟು ಯಂತ್ರ ಇದೇ ಬೆರಳಿನದ್ದು ಮಾಡಿಕೊಡಿ. ಈ ಸಂಗತಿ ಮಾತ್ರ ಇಲ್ಲಿಂದ ಆಚೆ ಹೋಗಬಾರದು."

ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕಿದರು. ಪಾಯಿಂಟಪ್ಪ ಸೀನಿಯರ್ ಆದ. ಮನೆಯಲ್ಲಿ "ಪಾಸಾಯ್ತು ಮಾವ" ಎಂದಷ್ಟೇ ಹೇಳಿದ. "ಗೀಟು ನೆಟ್ಟಗಿತ್ತಾ?" ಎಂದಷ್ಟೇ ಮಾವ ಕೇಳಿದರು.

ನಾಲ್ಕು ತಿಂಗಳ ನಂತರ ಒಂದು ಭಾನುವಾರ ಬೆಳಗ್ಗೆ, ಮಾವ ಮೈಗೆ ನೀರು ಹಾಕಿಕೊಳ್ಳದೆಯೇ ಬಚ್ಚಲುಮನೆಯಿಂದ ಹೊರಬಂದರು. ಕೈಯಲ್ಲಿ ಆಗತಾನೇ ಕಾಗದ ಬಿಚ್ಚಿದ ಸಾಬೂನು.

"ಅಳಿಯಂದಿರೇ, ಚಪ್ಪಲಿ ಹಾಕ್ಕೊಳ್ಳಿ. ಅಂಗಡಿಯವನ ಮೇಲೆ ದಾವೆ ಹೂಡಬೇಕು. ಯಾರೋ ಸ್ನಾನ ಮಾಡಿ ಬಿಟ್ಟ ಸಾಬೂನಿಗೆ ಹೊಸ ಕಾಗದ ಸುತ್ತಿ ಮಾರಿದ್ದಾನೆ."

ಪಾಯಿಂಟಪ್ಪ ತಡೆಯುವಷ್ಟರಲ್ಲಿ ಮಾವ ಬೀದಿಗಿಳಿದಾಗಿತ್ತು. ಅಂಗಡಿಯಲ್ಲಿ ಮೇಲ್ಮನೆಯ ಆಂಟಿ ಅದೇ ಸಾಬೂನನ್ನು ಹಿಡಿದು, "ಇದು ಬೇಗ ಬೇಗ ಕರಗುತ್ತಪ್ಪ" ಎಂದು ರಾಗ ಎಳೆಯುತ್ತಿದ್ದರು. ಸೆಕ್ರೆಟರಿಯೂ ಅಲ್ಲೇ ಇದ್ದರು. ಮಾವ ಅಂಗಡಿಯವನ ಅಪ್ಪಣೆ ಕೇಳದೆ ಆರು ಸಾಬೂನು ಬಿಚ್ಚಿ ಕಟ್ಟೆಯ ಮೇಲೆ ಸಾಲಾಗಿಟ್ಟರು.

"ನೋಡಿ, ಆರಕ್ಕೆ ಆರೂ ಬಳಸಿದ್ದು. ಇಲ್ಲಿ ತಗ್ಗು ನೋಡಿ. ಯಾವನೋ ಒರಟನ ಹೆಬ್ಬೆರಳು. ಕೊಡಲಿ ಹಿಡಿಯೋನಿರಬೇಕು. ಇಂಥವನಿಗೆ ಯಾರು ಹೆಣ್ಣು ಕೊಟ್ಟರೋ."

"ಹಾಗೇ ಬಂದಿದ್ದು ಸ್ವಾಮಿ, ಕಂಪನಿಯಿಂದಲೇ," ಅಂಗಡಿಯವನು ಅಳುವಂತಾದ.

"ಸಾಕ್ಷಿ ಇದ್ದಾರೆ. ಅಳಿಯಂದಿರೇ, ನಿಮ್ಮ ಕ್ಯಾಲಿಪರ್ ತೆಗೀರಿ."

ಪಾಯಿಂಟಪ್ಪ ತೆಗೆಯಲಿಲ್ಲ. ಸಹಿ ಮಾಡಿದ ಕಾಗದ ಒಂದು ಕಡೆ, ಕೋರ್ಟಿಗೆ ಹೊರಟ ಮಾವ ಇನ್ನೊಂದು ಕಡೆ. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ. "ಮಾವ, ಒಂದು ಸಲ ನಿಮ್ಮ ಹೆಬ್ಬೆರಳನ್ನ ಅದರಲ್ಲಿಟ್ಟು ನೋಡಿ."

ಮಾವ ಇಟ್ಟರು. ಹೆಬ್ಬೆರಳು ಒಂದಿಷ್ಟೂ ಅಲುಗದೆ ಕೂತಿತು. ಎರಡನೆಯದರಲ್ಲಿಟ್ಟರು, ಮೂರನೆಯದರಲ್ಲಿಟ್ಟರು, ಆರೂ ಆಯಿತು. ಮಾವ ಅಳಿಯನ ಮುಖ ನೋಡಿದರು. ಅಳಿಯ ಮೆಲ್ಲಗೆ ತಲೆಯಾಡಿಸಿದ. ಅಂಗಡಿಯ ಗೋಡೆಯುದ್ದಕ್ಕೂ ಪೇರಿಸಿದ್ದ ನೂರಾರು ಸಾಬೂನುಗಳ ಕಡೆ ಮಾವನ ಕಣ್ಣು ಹೋಯಿತು, ಅಲ್ಲೇ ನಿಂತಿತು. ಮೂವತ್ತೈದು ವರ್ಷ ಇನ್ನೊಬ್ಬರ ತೀರ್ಪಿಗೆ ಮೊಹರು ಒತ್ತಿದವರು ಅವರು. ಕಟ್ಟೆಯ ಮೇಲಿದ್ದ ಆರು ಸಾಬೂನನ್ನೂ ತಗ್ಗು ಎಡಕ್ಕೆ ಬರುವಂತೆ ತಿರುಗಿಸಿಟ್ಟರು.

"ದೂರು ವಾಪಸ್ಸು," ಎಂದರು. ಆಮೇಲೆ ಆಂಟಿಯ ಕಡೆ ತಿರುಗಿದರು. "ಕರಗುತ್ತೆ ಅಂದ್ರಲ್ಲ, ಹಿಡಿಯೋ ಕ್ರಮ ಗೊತ್ತಾ ನಿಮಗೆ? ಹೆಬ್ಬೆರಳು ಇಲ್ಲಿ. ನಾಲ್ಕು ಬೆರಳು ಆಚೆ. ಭುಜದಿಂದ ಶುರು ಮಾಡಬೇಕು, ಅವಸರ ಮಾಡಬಾರದು. ಸೆಕ್ರೆಟರಿಗಳೇ, ನೀವೂ ಒಂದು ತಗೊಳ್ಳಿ, ಹಿಡೀರಿ. ಹಾಗಲ್ಲ, ಎಡಕ್ಕೆ."

ಇಬ್ಬರೂ ಹಿಡಿದರು. ಅಂಗಡಿಯವನೂ ಒಂದನ್ನು ಹಿಡಿದ.

"ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು?" ಆಂಟಿ ಕೇಳಿದರು.

"ಇದರ ಡಿಸೈನ್ ನಂದು," ಎಂದರು ಮಾವ.

"ನಿಮ್ಮದಾ? ಡಿಸೈನ್ ಇಂಜಿನಿಯರ್ ನಿಮ್ಮ ಅಳಿಯ ಅಲ್ವಾ?"

ಮಾವ, ಮಗಳ ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮೊದಲ ಸಲ, ಪಾಯಿಂಟಪ್ಪನ ಹೆಗಲ ಮೇಲೆ ಪ್ರೀತಿಯಿಂದ ಕೈಹಾಕಿ ಹತ್ತಿರಕ್ಕೆ ಎಳೆದುಕೊಂಡರು.

"ಇವರು ಬಾಗಿಲ ಹೊರಗೆ ನಿಂತು ಅಳತೆ ತಗೊಂಡರು. ಪಾಪ, ಸರಿಯಾಗೇ ತಗೊಂಡರು."